ಕ್ವಿಂಟಲ್ ತೊಗರಿ, ಕ್ವಿಂಟಲ್ ಬ್ಯಾಳಿ: ಸ್ಪೀಡ್ ಕನ್ವರ್ಟರ್ ಆ್ಯಪಿಗೆ ಮೂರು ಸ್ಟಾರ್

ಲೈನ್ ಸ್ಪೀಡಿನ ಲೆಕ್ಕ ಬದಲಿಸೋ ಈ ಆ್ಯಪ್ ಹಾಕ್ಕೊಂಡು ಎಂಟ್ ತಿಂಗಳಾತ್ರಿ, ಇವತ್ತು ಕುಂತು ಬರಿಲತ್ತೀನಿ. ನಾನು ಕಲಬುರಗಿಯಾಗ ಟೆಲಿಕಾಂ ಟ್ರಾನ್ಸ್‌ಮಿಷನ್ ಕೆಲಸ ಮಾಡಾಂವ, ಮಕ್ಸ್ (ಭಾಳ ಲೈನ್ ಕೂಡಿಸಿ ಒಂದೇ ಮಾಡೋ ಪೆಟ್ಟಿಗಿ) ಫಿಟ್ ಮಾಡೋದು, ಕ್ರೋನ್ ಪಂಚ್ ಮಾಡೋದು (ಪಟ್ಟಿಗೆ ವೈರ್ ಒತ್ತಿ ಕೂಡ್ಸೋದು), ಇ1 (64 ಕೆಬಿಪಿಎಸ್‌ದು 32 ಚಾನಲ್ ಕೂಡಿದ ಲೈನ್) ಕೇಬಲ್ ಎಳಿಯೋದು, ಇವತ್ತು ಸೇಡಂ ಆದ್ರ ನಾಳಿ ಚಿಂಚೋಳಿ. ಹಳೆ ಲೈನೂ ಫೈಬರೂ ಒಂದೇ ರೂಮಿನ್ಯಾಗ ಇರ್ತಾವ, ಒಬ್ಬರು ಕೆಬಿಪಿಎಸ್‌ದಾಗ ಕೇಳ್ತಾರ, ಇನ್ನೊಬ್ಬರು ಎಸ್‌ಟಿಎಂ (ಫೈಬರ್ ಲೈನಿನ ಸ್ಪೀಡಿಗೆ ಇಟ್ಟ ಹೆಸರು) ಅಂತಾರ, ಮತ್ತೊಬ್ಬರು ಅಮೆರಿಕದ ಮ್ಯಾನುಯಲ್ ಹಿಡ್ಕೊಂಡು ಓಸಿ-3 ಅಂತಾರ, ತಲಿ ಕೆಟ್ಟು ಹೋಗ್ತದ. ಅದಕ್ಕ ಹಾಕ್ಕೊಂಡಿದ್ದು.

ಮೊದಲ ಚಲೋದು ಹೇಳ್ತೀನಿ. ನೆಟ್ ಬ್ಯಾಡ, ಸಿಗ್ನಲ್ ಇಲ್ಲದ ಎಕ್ಸ್‌ಚೇಂಜ್ ರೂಮಿನ್ಯಾಗೂ ನಡೀತದ. 64 ಕೆಬಿಪಿಎಸ್ ಚಾನಲ್‌ನಿಂದ ಹಿಡ್ದು ಎಸ್‌ಟಿಎಂ-64ರ ತನ ಎಲ್ಲಾ ಲಿಸ್ಟಿನ್ಯಾಗ ಅದ. ಓಸಿ-3 ಅಂದ್ರೂ ಎಸ್‌ಟಿಎಂ-1 ಅಂದ್ರೂ 155.52 ಎಂಬಿಪಿಎಸ್ಸೇ ಅಂತ ಬಾಜೂಕ್ಕ ಬಾಜೂ ತೋರಿಸ್ತದ. ಅಮೆರಿಕದ ಟಿ1 1.544, ನಮ್ಮ ಕಡಿ ಇ1 2.048, ಇವೂ ಬರೋಬ್ಬರಿ.

ಈಗ ಕಿರಿಕಿರಿ. ಹಾಕ್ಕೊಂಡ ದಿನ ಇ1 ಒತ್ತಿ ಎಂಬಿಪಿಎಸ್ ಮಾಡಿದ್ರ 1.95 ಬಂತು. ಯಪ್ಪಾ ಇದೇನು, 32 ಟೈಮ್‌ಸ್ಲಾಟ್ ಗುಣಿಸು 64 ಅಂದ್ರ 2048 ಅಂತ ಕೆಲಸಕ್ಕ ಸೇರಿದ ಮೊದಲನೇ ವಾರ ಕಲ್ತೀವಿ. ಆಮ್ಯಾಲ ಗೊತ್ತಾತು, ಸೆಟ್ಟಿಂಗ್ಸ್ ಒಳಗ ಎಲ್ಲೋ ಮೂಲ್ಯಾಗ 1024ರ ಲೆಕ್ಕ ತಾನಾಗೇ ಆನ್ ಆಗಿತ್ತು. ಅದು ಕಂಪ್ಯೂಟರ್ ಮೆಮರಿ ಲೆಕ್ಕ, ಲೈನ್ ಸ್ಪೀಡಿನ್ಯಾಗ ಕಿಲೋ ಅಂದ್ರ ಸಾವಿರ, ಮುಗೀತು. ಆಫ್ ಮಾಡಿದ್ಮ್ಯಾಲ ಸರಿ ಆತು, ಖರೆ ಹೊಸ ಹುಡುಗ್ರಿಗೆ ಇದು ಹೆಂಗ್ ಗೊತ್ತಾಗ್ಬೇಕು?

ದೊಡ್ಡ ಪೆಟ್ಟು ಬಿದ್ದಿದ್ದು ಬ್ಯಾರೆ ಕಡಿ. ಒಂದು ಸೈಟಿಗೆ 70 ಇ1 ಬೇಕಂದ್ರು. ಒಂದು ಎಸ್‌ಟಿಎಂ-1ದಾಗ ಎಷ್ಟು ಇ1 ಅಂತ ಆ್ಯಪ್ ಕೇಳ್ದೆ, 75.94 ಅಂತು. 70 ಆರಾಮ ಕುಂದರ್ತಾವ ಅಂತ ಲೆಕ್ಕ ಕೊಟ್ಟು, ಮೇ ತಿಂಗಳ ಬಿಸಲಾಗ ಬೆವರ್ ಸುರಿಸ್ಕೋತ 70ಕ್ಕೂ ಕೇಬಲ್ ಎಳ್ದು ನಂಬರ್ ಚೀಟಿ ಅಂಟಿಸಿ ಡಿಡಿಎಫ್‌ಗೆ (ಕೇಬಲ್ ಕೂಡ್ಸೋ ಚೌಕಟ್ಟಿಗೆ) ಕಟ್ಟಿ ನಿಂತೀನಿ. ಮಕ್ಸಿನ್ಯಾಗ ಇ1 ಕಾರ್ಡ್ 21 ಪೋರ್ಟಿಂದು, ಮೂರು ಕಾರ್ಡ್, ಅಂದ್ರ 63. ಏಳು ಕೇಬಲ್ ಕೈಯಾಗೇ ಉಳ್ದು ಜೋತಾಡ್ಲತ್ತಾವ. ನಮ್ಮ ಜೋಡಿ ಬಂದಿದ್ದ ರಿಟೈರ್ಡ್ ಕಾಕಾ ಒಬ್ಬರು ನೋಡಿ ನಕ್ಕರು.

"ಏ ತಮ್ಮಾ, 70 ಹಿಡಿತಾವ ಅಂತ ಯಾರ್ ಹೇಳಿದ್ರು ನಿನಗ?"

"ಆ್ಯಪ್ ಹೇಳ್ಯಾದ ಕಾಕಾ."

"ಹಂಗಾದ್ರ 64ನೇದ್ದರಿಂದ ಆ್ಯಪಿನ್ಯಾಗೇ ಪಂಚ್ ಮಾಡು."

ಆಮ್ಯಾಲ ಚಹಾ ಕುಡಕೋತ ತಿಳಿಸಿ ಹೇಳಿದ್ರು. ಮಿಲ್ಲಿಗೆ ಕ್ವಿಂಟಲ್ ತೊಗರಿ ಹಾಕಿದ್ರ ಕ್ವಿಂಟಲ್ ಬ್ಯಾಳಿ ಬರ್ತದೇನು, ಹೊಟ್ಟು ನುಚ್ಚು ಹೋಗ್ತದಿಲ್ಲೋ, ಹಂಗೇ ಇದೂ. ಎಸ್‌ಟಿಎಂ-1 ಫ್ರೇಮ್ ಅಂದ್ರ 9 ಸಾಲು 270 ಕಾಲಂ, ಒಂದೊಂದು ಚೌಕದಾಗ ಒಂದು ಬೈಟು, ಸೆಕೆಂಡಿಗೆ 8000 ಫ್ರೇಮ್. ಅದರಾಗ 9 ಕಾಲಂ ಲೈನ್ ಕಾಯೋದಕ್ಕೇ ಹೋತು, ಇನ್ನೊಂದು ಪಾತ್ ಓವರ್‌ಹೆಡ್‌ಗೆ, ಅಂದ್ರ ಈ ತುದಿಯಿಂದ ಆ ತುದಿ ತನ ಕಾಯೋದಕ್ಕ. ಉಳಿದಿದ್ದು 260, ಅಂದ್ರ 149.76 ಎಂಬಿಪಿಎಸ್. ಅದನ್ನ ಮೂರು ಪಾಲು, ಒಂದೊಂದು ಪಾಲಿನ್ಯಾಗ ಏಳು, ಆ ಏಳರಾಗ ಮೂರ್ಮೂರು, 63 ಆತು. ನಡುವ ಅಲ್ಲಷ್ಟು ಇಲ್ಲಷ್ಟು ಖಾಲಿ ಕಾಲಮ್ಮೂ ಬಿಡ್ತಾರ. ಮತ್ತ ಒಂದು ಇ1ಗೆ ಫ್ರೇಮಿಗೆ 32 ಬೈಟ್ ಸಾಕು, ಖರೆ ಅದಕ್ಕ ಕೊಡೋ ಸೀಟು 36 ಬೈಟಿಂದು, ಯಾಕಂದ್ರ ಎರಡೂ ಕಡಿ ಗಡಿಯಾರ ಸ್ವಲ್ಪ ಹಿಂದ ಮುಂದ ಆದ್ರೂ ನಡೀಬೇಕು, ಡೇಟಾ ಎಲ್ಲಿಂದ ಸುರು ಅಂತ ತೋರ್ಸೋ ಪಾಯಿಂಟರ್ ಇಡ್ಬೇಕು. ಕಾರ್ಡಿನ್ಯಾಗ 21 ಪೋರ್ಟ್ ಯಾಕ ಅಂತ ಅವತ್ತಿನ ತನ ನಾನು ವಿಚಾರಾನೇ ಮಾಡಿದ್ದಿಲ್ಲ ನೋಡ್ರಿ.

ಉಲ್ಟಾನೂ ಆಗ್ತದ. 100 ಎಂಬಿಪಿಎಸ್ ಈಥರ್ನೆಟ್ ಎಸ್‌ಡಿಎಚ್ (ಇದೇ ಎಸ್‌ಟಿಎಂ ಪದ್ಧತಿ) ಮ್ಯಾಲ ಕಳಿಸ್ಲಾಕ ಎಷ್ಟು ಇ1 ಬೇಕು ಅಂದ್ರ ಆ್ಯಪ್ 48.83 ಅಂತದ, 49 ಹಾಕು ಅಂದಂಗಾತು. ನಾವು ಹಾಕೋದು 46 ವಿಸಿ-12, ಅಂದ್ರ ಒಂದು ಇ1 ಕುಂದ್ರೋ ಡಬ್ಬಿ. ಆ 36 ಬೈಟಿನ ಸೀಟಿನ್ಯಾಗ ಈಥರ್ನೆಟ್‌ಗೆ 34 ಸಿಗ್ತಾವ, ಅಂದ್ರ 2.176 ಎಂಬಿಪಿಎಸ್, 46 ಸಾಕು. ಆ್ಯಪಿಗೆ ಭಾಗಾಕಾರ ಬರ್ತದ, ಡಬ್ಬಿ ಗೊತ್ತಿಲ್ಲ. ರೇಟ್ ಕೇಳಿದ್ರ ಕರೆಕ್ಟ್ ಹೇಳ್ತದ, ಎಷ್ಟು ಹಿಡಿತಾವ ಅಂತ ಕೇಳಿದ್ರ ಮೋಸ. ಒಂದು ಸಾಲು ಎಚ್ಚರಿಕೆ ಹಾಕಿದ್ರ ಏನ್ ಗಂಟು ಹೋಗ್ತಿತ್ತು ಮಾಡ್ದೋರಿಗೆ?

ಮನ್ಯಾಗ ಮಾತ್ರ ಭಾಳ ಉಪಯೋಗ ಆಗ್ಯಾದ. ನಮ್ಮ ಅಕ್ಕನ ಮಗ 100 ಎಂಬಿಪಿಎಸ್ ಫೈಬರ್ ಹಾಕಿಸಿ, ಮಾಮಾ ಡೌನ್‌ಲೋಡ್ ಸೆಕೆಂಡಿಗೆ 12 ಮೆಗಾಬೈಟ್ ಮ್ಯಾಲ ಹೋಗಾಂಗಿಲ್ಲ, ಮೋಸ ಮಾಡ್ಯಾರ ಅಂತ ಜಗಳಕ್ಕ ಹೊಂಟಿದ್ದ. ಬಿಟ್ ಬ್ಯಾರೆ ಬೈಟ್ ಬ್ಯಾರೆ, ಎಂಟರಿಂದ ಭಾಗಿಸು, 12.5 ಅಂತ ಸ್ಕ್ರೀನ್ ತೋರಿಸ್ದೆ, ಸುಮ್ನ ಕುಂತ. ಅವತ್ತೇ ಕುತೂಹಲಕ್ಕ ಜಿಪಾನ್ (ಮನಿಗೆ ಬರೋ ಫೈಬರ್ ಪದ್ಧತಿ) ಸ್ಪೀಡ್ 2488 ಹೊಡ್ದು ನೋಡ್ದೆ, ಬಾಜೂಕ್ಕ ಎಸ್‌ಟಿಎಂ-16 ಅಂತ ಬಂತು, ಅದೇ 2488.32. ಈಗ ಮನಿ ಮನಿಗೆ ಬರೋ ಫೈಬರ್ ಸ್ಪೀಡಿನ್ಯಾಗ ಹಳೆ ಟೆಲಿಕಾಂ ಲೆಕ್ಕಾನೇ ಕುಂತದ ಅಂತ ಗೊತ್ತಾಗಿ ಒಂಥರಾ ಖುಷಿ ಆತು.

ಆ್ಯಡ್ ಕಾಟ ಬ್ಯಾರೆ, ಉತ್ತರದ ಮ್ಯಾಲೇ ಬಂದು ಕುಂದರ್ತದ. ತಾಳಲಾರ್ದ 149 ರೂಪಾಯಿ ಕೊಟ್ಟು ತೆಗಿಸೀನಿ. ರೊಕ್ಕಕ್ಕ ಮೋಸ ಇಲ್ಲ, ಖರೆ ಹಳೆ ಲೆಕ್ಕ ಸೇವ್ ಆಗಾಂಗಿಲ್ಲ, ಪ್ರತಿ ಸಲ ಮೊದಲಿನಿಂದ ಹೊಡಿಬೇಕು.

ಈಗ ನನ್ನ ಫೋನ್ ಕವರ್ ಒಳಗ ಕಾಕಾ ಬರ್ದು ಕೊಟ್ಟ ಚೀಟಿ ಅದ: 63, 3, 1. ಎಸ್‌ಟಿಎಂ-1ಕ್ಕ ಇ1 ಆದ್ರ 63, ಅದಕ್ಕಿಂತ ದೊಡ್ಡ ಲೈನ್ ಇ3 ಆದ್ರ 3, ಇನ್ನೂ ದೊಡ್ಡದು ಇ4 ಆದ್ರ ಒಂದೇ. ಉಳಿದ ಲೆಕ್ಕಕ್ಕ ಆ್ಯಪ್ ತಗೀತೀನಿ. ಆ ಏಳು ಕೇಬಲ್ ಎರಡನೇ ಮಕ್ಸ್ ಬರೋ ತನ ಸುತ್ತಿ ಟೈ ಹಾಕಿ ಡಿಡಿಎಫ್ ಹಿಂದ ಇಟ್ಟಿದ್ವಿ.