ರೈಲ್ವೆ ಮುಷ್ಕರದ ತೀರ್ಪು ಹುಡುಕಲು ಇ-ಎಸ್‌ಸಿಆರ್: ವಾಡಿ, ಕಲಬುರಗಿಯ ನೌಕರರಿಗೆ ಎಷ್ಟು ಉಪಯೋಗ?

ಸುಪ್ರೀಂ ಕೋರ್ಟಿನ ತೀರ್ಪುಗಳು ಸಿಗುವ ಇ-ಎಸ್‌ಸಿಆರ್ ಜಾಲತಾಣ ಪೂರ್ತಿ ಉಚಿತ. ವಾಡಿ ಜಂಕ್ಷನ್ನಿನ ಯೂನಿಯನ್ ಕಚೇರಿಯಲ್ಲಿ ಒಂದು ಮೊಬೈಲ್ ಇದ್ದರೂ ಸಾಕು. ಆದರೆ ಹುಡುಕುವ ಕ್ರಮ ಗೊತ್ತಿರಬೇಕು.

ಇಂಗ್ಲಿಷಿನಲ್ಲಿ ಬರೀ ಸ್ಟ್ರೈಕ್ ಎಂದು ಟೈಪಿಸಿದರೆ ಕಾಯ್ದೆ ರದ್ದುಮಾಡಿದ (ಸ್ಟ್ರೈಕ್ ಡೌನ್) ಪ್ರಕರಣಗಳೂ ರಾಶಿ ಬೀಳುತ್ತವೆ. ಪಕ್ಷಕಾರರ ಹೆಸರು, ವರ್ಷ ಹಾಕಿ. ಮೊದಲು ತುಳಸಿರಾಮ್ ಪಟೇಲ್, 1985. ರೈಲ್ವೆ ಶಿಸ್ತು ನಿಯಮಗಳ 14(ii)ರಡಿ ವಿಚಾರಣೆಯಿಲ್ಲದೆ ವಜಾ ಮಾಡಬಹುದೇ ಎಂಬುದಕ್ಕೆ ಐವರ ಪೀಠದ ಉತ್ತರ ಅಲ್ಲಿದೆ: ಮಾಡಬಹುದು, ಆದರೆ ವಿಚಾರಣೆ ಏಕೆ ಸಾಧ್ಯವಿಲ್ಲ ಎಂಬ ಕಾರಣ ಬರಹದಲ್ಲಿರಬೇಕು. ಇಲ್ಲದಿದ್ದರೆ ಆದೇಶ ನಿಲ್ಲದು. ತೀರ್ಪು ಬಲು ಉದ್ದ. ಮೊದಲು ಹೆಡ್‌ನೋಟ್ (ತೀರ್ಪಿನ ಆರಂಭದ ಸಾರಾಂಶ) ಓದಿ.

ಎಡವುವುದು ಇಲ್ಲೇ. ಶಿಕ್ಷೆಗೆ ಮುನ್ನ ನೌಕರನ ಮಾತು ಕೇಳಬೇಕು ಎಂದ 1975ರ ಚಲ್ಲಪ್ಪನ್ ತೀರ್ಪು ನೌಕರರಿಗೆ ಸಿಹಿ. ಹಾಗಾಗಿ ಅದನ್ನೇ ಅರ್ಜಿಗೆ ಅಂಟಿಸುತ್ತಾರೆ. ಆದರೆ ತುಳಸಿರಾಮ್ ಪ್ರಕರಣ ಅದನ್ನು ಈ ಮುಖ್ಯ ಅಂಶದಲ್ಲಿ ತಳ್ಳಿಹಾಕಿದೆ. 1981ರ ಲೋಕೋ (ರೈಲು ಎಂಜಿನ್) ಸಿಬ್ಬಂದಿ ಮುಷ್ಕರದ ವಜಾಗಳ ಬಗ್ಗೆ 1993ರ ರೆಡ್ಡಪ್ಪ ತೀರ್ಪನ್ನೂ ಜೊತೆಗಿಟ್ಟು ಓದಿ. ಮುಷ್ಕರ ಮೂಲಭೂತ ಹಕ್ಕಲ್ಲ ಎಂದ 2003ರ ರಂಗರಾಜನ್ ತೀರ್ಪು ಎದುರಾಳಿ ವಕೀಲರ ಕೈಯಲ್ಲಿ ಇದ್ದೇ ಇರುತ್ತದೆ.

ಕಾಯಂ ನೌಕರರ ಸೇವಾ ವ್ಯಾಜ್ಯ ಮೊದಲು ಹೋಗಬೇಕಾದದ್ದು ಕಲಬುರಗಿ ಹೈಕೋರ್ಟ್ ಪೀಠಕ್ಕಲ್ಲ, ಕೇಂದ್ರ ಆಡಳಿತ ನ್ಯಾಯಮಂಡಳಿಗೆ. ಸಾಮಾನ್ಯವಾಗಿ ಅಂತಿಮ ಆದೇಶದಿಂದ ಒಂದು ವರ್ಷದ ಗಡುವು. ಗುತ್ತಿಗೆ ಕಾರ್ಮಿಕರ ದಾರಿ ಬೇರೆ, ಕೇಂದ್ರ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಬಳಿ.