ಶನೆಲ್ ನಂಬರ್ 19: ಸಿಹಿ ಬೇಡ ಅನ್ನೋರ ಹಸಿರು ಸೆಂಟು

ಮೊದಲೇ ಹೇಳ್ಬಿಡ್ತೀನಿ, ವೆನಿಲ್ಲಾ, ಕ್ಯಾರಮೆಲ್ ತರ ಘಮ ಘಮ ಅನ್ನೋ ಪರ್ಫ್ಯೂಮೇ ಇಷ್ಟ ಅನ್ನೋರಿಗೆ ಶನೆಲ್ ನಂಬರ್ 19 ಮೊದಲನೇ ಸಲಕ್ಕೇ ಹಿಡಿಸೋದು ಕಷ್ಟ. ಅಂಗಡೀಲಿ ಟೆಸ್ಟರ್ ಪೇಪರ್ ಮೇಲೆ ಹೊಡೆಸ್ಕೊಂಡು ಒಂದು ಸಲ ಮೂಸಿ ಮುಖ ಕಿವುಚ್ಕೊಂಡು ಪಕ್ಕದ ಬಾಟಲಿಗೆ ಹೋಗ್ಬಿಡೋರನ್ನ ಎಷ್ಟೋ ಜನಾನ ನೋಡಿದೀನಿ, ಪಾಪ ಅವರಿಗೆ ಸಿಕ್ಕಿದ್ದು ಅದರ ಬಾಗಿಲು ಮಾತ್ರ, ಒಳಗೆ ಹೋಗೋಕೆ ಇನ್ನೊಂದು ಅರ್ಧ ಗಂಟೆ ಬೇಕಿತ್ತು. ನಂಗಂತೂ ದುಬಾರಿ ಸೆಂಟುಗಳಲ್ಲಿ ಇಷ್ಟು ನೆಟ್ಟಗೆ ನಿಲ್ಲೋದು, ಯಾರನ್ನೂ ಓಲೈಸೋಕೆ ಹೋಗದೇ ಇರೋದು ಇನ್ನೊಂದು ಸಿಕ್ಕಿಲ್ಲ.

ಹಿನ್ನೆಲೆ ಚಿಕ್ಕದಾಗಿ: ಇದು ಬಂದಿದ್ದು 1970ರಲ್ಲಿ, ಮಾಡಿದ್ದು ಆನ್ರಿ ರೋಬೆರ್. ಅದಕ್ಕೂ ಮುಂಚೆ 1921ರಲ್ಲಿ ನಂಬರ್ 5 ಮಾಡಿದ್ದು ಅರ್ನೆಸ್ಟ್ ಬೋ, ಅವರಾದ್ಮೇಲೆ ಶನೆಲ್ ಕಂಪನೀಲಿ ಸೆಂಟು ಮಾಡೋ ಆ ಜಾಗಕ್ಕೆ ಬಂದವರು ರೋಬೆರ್. 19 ಅನ್ನೋದು ಆ ಕಂಪನಿ ಕಟ್ಟಿದ ಗೇಬ್ರಿಯೆಲ್ ಶನೆಲ್ ಹುಟ್ಟಿದ ತಾರೀಕು, ಆಗಸ್ಟ್ 19, 1883. ಈ ಸೆಂಟು ಬಂದ ಸ್ವಲ್ಪ ದಿನಕ್ಕೇ, 1971ರ ಜನವರೀಲಿ, ಎಂಬತ್ತೇಳನೇ ವಯಸ್ಸಲ್ಲಿ ಅವರು ತೀರಿಕೊಂಡ್ರು. ಆ ವಯಸ್ಸಿನ ಹೆಂಗಸು ತನ್ನ ಹುಟ್ಟುದಿನದ ಹೆಸರಿಟ್ಟ ಸೆಂಟಲ್ಲಿ ಒಂಚೂರೂ ಸಿಹಿ ಬೇಡ ಅಂದಿದ್ದು ನಂಗೆ ಬಹಳ ಹಿಡಿಸತ್ತೆ.

ಈಗ ವಾಸನೆಗೆ ಬರ್ತೀನಿ. ಹೊಡ್ಕೊಂಡ ತಕ್ಷಣ ಮೂಗಿಗೆ ಬಡಿಯೋದು ಗ್ಯಾಲ್ಬನಮ್. ಕಹಿ, ಹಸಿ, ಚುರುಕು, ಹುರುಳಿಕಾಯಿ ನಾರು ತೆಗ್ದು ಪಟಪಟ ಮುರೀವಾಗ ಬೆರಳಿಗೆ ಅಂಟ್ಕೊಳೋ ಆ ಹಸಿ ವಾಸನೆ ಇದೆಯಲ್ಲ, ಅದನ್ನ ಹತ್ತರಷ್ಟು ಗಟ್ಟಿ ಮಾಡಿದಂಗಿರತ್ತೆ. ಇದು ಇರಾನ್ ಕಡೆ ಬೆಳೆಯೋ ಒಂದು ಗಿಡದ ಅಂಟು. ಆ ಗಿಡ ಯಾವ ಕುಲದ್ದು ಗೊತ್ತಾ, ಫೆರುಲಾ, ಅಂದ್ರೆ ನಮ್ಮ ಸಾರಿಗೆ ಹಾಕೋ ಇಂಗು ಬರೋ ಕುಲವೇ. ಅದರಲ್ಲೂ ಹಂಗೇ, ಗಿಡಕ್ಕೆ ಗಾಯ ಮಾಡಿದ್ರೆ ಹಾಲಿನಂಥ ರಸ ಒಸರಿ ಗಾಳಿಗೆ ಗಟ್ಟಿಯಾಗತ್ತೆ. ಇದನ್ನ ತಿಳ್ಕೊಂಡ ಮೇಲೆ ಮೂಸಿದ್ರೆ ಆ ಹಸಿರಿನ ಹಿಂದೆ ಒಂದು ಖಾರದ ಒಗರು ಇರೋದು ಸ್ಪಷ್ಟ ಗೊತ್ತಾಗತ್ತೆ. ಗ್ಯಾಲ್ಬನಮ್ ಧಾರಾಳವಾಗಿ ಸುರಿದ ಮೊದಲ ದೊಡ್ಡ ಸೆಂಟು 1947ರ ವಾನ್ ವೇರ್, ಬಾಲ್ಮೇನ್ ಅನ್ನೋ ಫ್ರೆಂಚ್ ಫ್ಯಾಷನ್ ಕಂಪನಿಗೆ ಜೆರ್ಮೇನ್ ಸೆಲಿಯೇ ಅನ್ನೋ ಹೆಣ್ಣುಮಗಳು ಮಾಡಿದ್ದು, ಹಸಿರು ಹೂವಿನ ಸೆಂಟುಗಳ ದಾರಿ ಅಲ್ಲಿಂದ ಶುರು ಅನ್ಬಹುದು. 19 ಅದೇ ದಾರೀಲಿ ಬಂದು ತನ್ನದೇ ತಿರುವು ತಗೊಂಡಿರೋದು.

ಆ ತಿರುವು ಅಂದ್ರೆ ಐರಿಸ್. ಹದಿನೈದು ಇಪ್ಪತ್ತು ನಿಮಿಷ ಆದ್ಮೇಲೆ ಹಸಿರಿನ ಚುರುಕು ಇಳಿಯತ್ತೆ, ಅಡಿಯಿಂದ ತಣ್ಣಗೆ, ಬೂದುಬಣ್ಣದ ಪೌಡರಿನ ತರ, ಸ್ವಲ್ಪ ಮಣ್ಣು ಸೇರಿದ ಒಂದು ವಾಸನೆ ಮೇಲೆ ಬರತ್ತೆ. ಇಲ್ಲಿ ಜನ ತಪ್ಪು ತಿಳ್ಕೊಳೋದು ಜಾಸ್ತಿ, ಐರಿಸ್ ಅಂದ್ರೆ ಹೂವಿನ ವಾಸನೆ ಅಂತ. ಸೆಂಟಿಗೆ ಬಳಸೋದು ಅದರ ಗೆಡ್ಡೇನ. ಗೆಡ್ಡೆ ಕಿತ್ತಾಗ ಈ ಪರಿಮಳ ಇರೋದೇ ಇಲ್ಲ, ಸಿಪ್ಪೆ ತೆಗ್ದು ಒಣಗಿಸಿ ಎರಡು ಮೂರು ವರ್ಷ ಸುಮ್ನೆ ಇಡಬೇಕು, ಆ ಕಾಲದಲ್ಲಿ ಒಳಗೆ ಐರೋನ್ ಅನ್ನೋ ಅಂಶ ನಿಧಾನಕ್ಕೆ ಹುಟ್ಕೊಳತ್ತೆ, ಆಮೇಲೆ ಭಟ್ಟಿ ಇಳಿಸಿದ್ರೆ ಬೆಣ್ಣೆ ತರ ಗಟ್ಟಿ ಪದಾರ್ಥ ಸಿಗೋದು, ಅದೂ ಕೇಜಿಗಟ್ಟಲೆ ಗೆಡ್ಡೆಗೆ ಒಂದಿಷ್ಟೇ ಇಷ್ಟು. ಸೆಂಟು ಮಾಡೋರ ಕೈಲಿರೋ ಅತಿ ದುಬಾರಿ ಸಾಮಾನುಗಳಲ್ಲಿ ಇದೂ ಒಂದು. ಹಸಿರಿನ ಕಹಿ ಐರಿಸ್‌ನ ತಂಪು ಎರಡೂ ಒಂದನ್ನೊಂದು ಹಿಡ್ಕೊಂಡು ಒಂದು ಗಂಟೆ ಒಂದೂವರೆ ಗಂಟೆ ನಡೀತವೆ, ಅದೇ ಈ ಸೆಂಟಿನ ಜೀವ. ಗುಲಾಬಿ ಇದೆ, ಲಿಲಿ ಆಫ್ ದ ವ್ಯಾಲಿ ಇದೆ (ಈ ಹೂವು ಎಣ್ಣೆ ಬಿಟ್ಟುಕೊಡಲ್ಲ, ಎಲ್ಲರೂ ಲ್ಯಾಬ್‌ನಲ್ಲೇ ಅದರ ವಾಸನೆ ಕಟ್ಟೋದು), ಆದ್ರೆ ಹೂಗಳು ಹಿಂದೇನೇ ನಿಂತಿರ್ತವೆ.

ಮೂರನೇ ಭಾಗ ನಮ್ಮೋರಿಗೆ ಹೊಸದೇನಲ್ಲ. ಲಾವಂಚ! ಬೇಸಿಗೇಲಿ ಮಡಿಕೆ ನೀರಿಗೆ ಹಾಕ್ತೀವಲ್ಲ ಅದೇ ಬೇರು, ಫ್ರೆಂಚರು ವೆಟಿವರ್ ಅಂತಾರೆ, ಈ ಸೆಂಟಿನ ತಳ ಪೂರ್ತಿ ಅದರ ಮೇಲೆ ನಿಂತಿದೆ. ಜೊತೆಗೆ ಒಂದು ಎಳೆ ಚರ್ಮದ ವಾಸನೆ, ಓಕ್ ಮರದ ಪಾಚಿಯ ತೇವ. ಒಂದ್ಸಲ ಮನೇಲಿ ಶಾಸ್ತ್ರದ ಊಟ ಮುಗಿದು ಸಂಜೆ ಕೂತಿದ್ದಾಗ ನಮ್ಮತ್ತೆ ಪಕ್ಕಕ್ಕೆ ಬಂದವರೇ "ಏನೇ ಇದು, ಲಾವಂಚದ ವಾಸನೆ ಬರ್ತಿದೆ ನಿನ್ನ ಮೈಯಿಂದ, ಚೆನ್ನಾಗಿದೆ ಕಣೇ" ಅಂದ್ರು. ಬೆಳಿಗ್ಗೆ ಹಾಕ್ಕೊಂಡಿದ್ದು, ಅಷ್ಟೊತ್ತಿಗೆ ಹಸಿರು ಹೋಗಿ ಬೇರು ಮಾತ್ರ ಉಳ್ದಿತ್ತು. ಪ್ಯಾರಿಸ್ಸಿನ ಸೆಂಟಿಗೆ ಇದಕ್ಕಿಂತ ಒಳ್ಳೇ ಮಾತು ನಮ್ಮ ಮನೇಲಿ ಸಿಗಲ್ಲ.

ಓಕ್ ಪಾಚಿ ಬಗ್ಗೆ ಒಂದು ಮಾತು. ಕೆಲವರಿಗೆ ಚರ್ಮದ ಅಲರ್ಜಿ ಆಗತ್ತೆ ಅಂತ ಅದರ ಬಳಕೆ ಮೇಲೆ ಈಗ ಮಿತಿ ಹಾಕಿದಾರೆ, ಹಂಗಾಗಿ ಹಳೇ ಕಾಲದ ಬಾಟಲಿ ಮೂಸಿ ನೋಡಿದೋರು ಈಗಿಂದು ತೆಳು ಅಂತಾರೆ. ಇರಬಹುದು. ಆದ್ರೆ ಅದಕ್ಕೋಸ್ಕರ ಹಳೇ ಬಾಟಲಿ ಹುಡುಕ್ಕೊಂಡು ದುಪ್ಪಟ್ಟು ದುಡ್ಡು ಕೊಡೋ ಅಗತ್ಯ ನಂಗೆ ಕಾಣಲ್ಲ, ಎಲ್ಲಿ ಹೆಂಗೆ ಇಟ್ಟಿದ್ರೋ ಏನೋ, ಬಿಸಿಲು ತಾಗಿದ್ರೆ ಮೊದಲು ಸಾಯೋದೇ ಮೇಲಿನ ಹಸಿರು.

ಯಾವುದು ತಗೋಬೇಕು ಅಂತ ಕೇಳಿದ್ರೆ, ನಂದು ಇಡಿಟಿ, ಅಂದ್ರೆ ಓ ದ ತ್ವಾಲೆತ್, ಸೆಂಟಿನ ತೆಳು ರೂಪ. ಹಸಿರು, ಐರಿಸ್ ಎರಡೂ ಅದರಲ್ಲಿ ಚೂಪು, ಗಾಳಿ ಆಡತ್ತೆ. ಇಡಿಪಿ, ಅಂದ್ರೆ ಓ ದ ಪರ್ಫಾಮ್ ಅನ್ನೋ ಗಟ್ಟಿ ರೂಪ, ಇನ್ನೂ ದುಂಡಗೆ, ಗುಲಾಬಿ ಜಾಸ್ತಿ, ಬಾಳಿಕೇನೂ ಜಾಸ್ತಿ, ಸಂಜೆ ಫಂಕ್ಷನ್ನಿಗೆ ಅದೇ ವಾಸಿ. ಇಡಿಟಿ ನನ್ನ ಮೈಮೇಲೆ ಮಧ್ಯಾಹ್ನದ ಊಟದ ಹೊತ್ತಿಗೆ ಮೆತ್ತಗಾಗ್ಬಿಡತ್ತೆ, ಆಮೇಲೆ ಹತ್ರ ಬಂದೋರಿಗೆ ಮಾತ್ರ. ಒಣ ಚರ್ಮ ಇರೋರು ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಕೊಂಡು ಅದರ ಮೇಲೆ ಹೊಡ್ಕೊಳ್ಳಿ, ಗ್ಯಾರಂಟಿ ಇನ್ನೊಂದಷ್ಟು ಹೊತ್ತು ನಿಲ್ಲತ್ತೆ. ಮೊಣಕೈ ಒಳಗೆ, ಕತ್ತಿನ ಹಿಂದೆ ಸಾಕು.

ನಮ್ಮ ಹವಾಕ್ಕೆ? ಬೆಂಗಳೂರಿನ ಜುಲೈ ಆಗಸ್ಟ್ ಜಿಟಿ ಜಿಟಿ ಮಳೆ, ಡಿಸೆಂಬರಿನ ಬೆಳಿಗ್ಗೆ, ಮಡಿಕೇರಿ ಚಿಕ್ಕಮಗಳೂರು ಕಡೆ ಚಳಿ, ಇದಕ್ಕೆಲ್ಲ ಹೇಳಿ ಮಾಡಿಸಿದಂಗಿದೆ, ತಂಪು ಗಾಳೀಲಿ ಐರಿಸ್ ಬಹಳ ಹೊತ್ತು ಬಿಗಿಯಾಗಿರತ್ತೆ. ಮಂಗಳೂರಿನ ಮೇ ತಿಂಗಳ ಸೆಕೆ ಬೆವರಲ್ಲಿ ಮೇಲಿನ ಹಸಿರು ಹತ್ತು ನಿಮಿಷಕ್ಕೇ ಹಾರಿಹೋಗಿ ಪೌಡರ್ ಮಾತ್ರ ಮುಂದೆ ಬರತ್ತೆ, ನಂಗೆ ಆಗ ಬೇಡ ಅನ್ಸತ್ತೆ. ಮಲ್ಲಿಗೆ ಮುಡ್ದಿದ್ರೂ ಬೇಡವೇ ಬೇಡ, ಮಲ್ಲಿಗೆ ಇದನ್ನ ನುಂಗ್ಹಾಕತ್ತೆ, ಇದು ಮಲ್ಲಿಗೇನ ಕಹಿ ಮಾಡತ್ತೆ, ಎರಡಕ್ಕೂ ಅನ್ಯಾಯ. ಕನಕಾಂಬರ ಮುಡ್ದ್ರೆ ತೊಂದರೆ ಇಲ್ಲ, ಅದಕ್ಕೆ ವಾಸನೆ ಇಲ್ವಲ್ಲ. ರೇಷ್ಮೆ ಸೀರೆ ಮೇಲೆ ನೇರವಾಗಿ ಹೊಡೀಬೇಡಿ, ಕಲೆ ಕೂರತ್ತೆ. ಕಾಟನ್ ದುಪಟ್ಟಾ ಅಂಚಿಗೆ ಒಂದು ಸಲ ಹೊಡೆದು ಮಡಚಿಟ್ಟು ಮಾರನೇ ದಿನ ಬಿಚ್ಚಿ ನೋಡಿ, ಲಾವಂಚ ಐರಿಸ್ ಎರಡೇ ಉಳ್ದಿರ್ತವೆ, ನಂಗೆ ಅದು ಮೊದಲಿನದಕ್ಕಿಂತಲೂ ಚೆನ್ನ.

ಹೆಂಗಸರ ಸೆಂಟು ಅಂತ ಮಾರ್ತಾರೆ, ಆದ್ರೆ ಕಹಿ, ಬೇರು, ಚರ್ಮ ಇಷ್ಟೆಲ್ಲ ಇರೋದನ್ನ ಗಂಡಸರು ಧಾರಾಳವಾಗಿ ಹಾಕ್ಕೋಬಹುದು, ನನ್ನ ತಮ್ಮ ನನ್ನ ಬಾಟಲೀನೇ ಎಗರಿಸ್ತಾ ಇರ್ತಾನೆ. ಇಂಟರ್‌ವ್ಯೂ, ಮೀಟಿಂಗ್, ಕೋರ್ಟು ಕಚೇರಿ, ಎಲ್ಲಿ ಮಾತಿಗೆ ತೂಕ ಬೇಕೋ ಅಲ್ಲಿಗೆ ಬಹಳ ಒಪ್ಪತ್ತೆ. ಎಳೇ ಮಗು ಎತ್ಕೊಳೋ ದಿನ, ಆಸ್ಪತ್ರೆಗೆ ಹೋಗೋ ದಿನ ಯಾವ ಸೆಂಟೂ ಬೇಡ, ಇದಂತೂ ಬೇಡ.

ಬೆಲೆ ಐದಂಕಿ ಮುಟ್ಟತ್ತೆ, ಸುಮ್ನೆ ಕೊಡೋ ದುಡ್ಡಲ್ಲ. ಹಂಗಾಗಿ ಪೇಪರ್ ಮೇಲೆ ಮೂಸಿ ತೀರ್ಮಾನ ಮಾಡ್ಬೇಡಿ, ಕೈಗೆ ಹೊಡೆಸ್ಕೊಂಡು ಅಂಗಡಿಯಿಂದ ಆಚೆ ಬನ್ನಿ, ಕಾಫಿ ಕುಡೀರಿ, ಬಸ್ಸು ಹತ್ತಿ, ಮನೆಗೆ ಹೋಗಿ ಕೈ ತೊಳೆಯೋ ಮುಂಚೆ ಇನ್ನೊಂದು ಸಲ ಮೂಸಿ, ಆಮೇಲೆ ದುಡ್ಡು ಕೊಡಿ. ಮತ್ತೆ ಕೌಂಟರಲ್ಲಿ ನಂಬರ್ 19 ಪೌಡ್ರೆ ಅನ್ನೋದನ್ನ ಎತ್ಕೊಟ್ರೆ ಒಂದ್ಸಲ ಹೆಸರು ಸರಿಯಾಗಿ ಓದ್ಕೊಳ್ಳಿ, ಅದು 2011ರಲ್ಲಿ ಬಂದ ಬೇರೆ ಸೆಂಟು, ಮೆತ್ತಗೆ, ಮಸ್ಕು (ಕಸ್ತೂರಿ ತರದ ವಾಸನೆ), ಪೌಡರು ಜಾಸ್ತಿ, ಚೆನ್ನಾಗೇ ಇದೆ, ಆದ್ರೆ ನಾನು ಇಷ್ಟೊತ್ತು ಹೇಳಿದ ಆ ಹಸಿರು ಕಹಿ ಅದರಲ್ಲಿ ಸಿಗೋದು ಬಹಳ ಕಮ್ಮಿ.