ನೀರು ಹೊಕ್ಕ ಮೋಟರ್: ಒಣಗಿಸೋದಾ, ವೈಂಡಿಂಗಾ, ಹೊಸದಾ?

ವರದಾ ನದಿ ದಂಡೆಯಲ್ಲಿದ್ದ ಮೊನೊಬ್ಲಾಕ್ (ಪಂಪು, ಮೋಟರ್ ಒಂದೇ ಜೋಡಿಯಾಗಿರುವ) ಮೋಟರ್ ಹೊಳೆ ಬಂದು ಮುಳುಗಿದೆ, ಏನು ಮಾಡೋದು ಅಂದ್ರಿ. ಸುಮ್ನೆ ನೋಡೋಣ ಅಂತಲೂ ಸ್ವಿಚ್ ಒತ್ತಬೇಡಿ, ಒದ್ದೆ ವೈಂಡಿಂಗಿಗೆ (ಒಳಗಿನ ತಂತಿ ಸುರುಳಿಗೆ) ಕರೆಂಟ್ ಕೊಟ್ಟರೆ ಉಳಿಯುವುದೂ ಸುಟ್ಟುಹೋಗುತ್ತದೆ.

ಖರ್ಚು ಕಡಿಮೆ ಬೇಕಾದರೆ ಒಣಗಿಸುವುದೇ ಸರಿ. ಬಿಚ್ಚಿ, ಕೆಸರು ತೊಳೆದು, ಬಲ್ಬಿನ ಕಾವಿನಲ್ಲಿಟ್ಟು, ವಾರ್ನಿಶ್ ಹೊಡೆದು, ಬೇರಿಂಗ್ ಬದಲಿಸಬೇಕು. ಆದರೆ ಮೆಗ್ಗರ್ (ಕರೆಂಟ್ ಸೋರುತ್ತದಾ ಅಂತ ಅಳೆಯುವ ಮೀಟರ್) ಹಚ್ಚದೆ ನಂಬಬೇಡಿ. ನಮ್ಮ ಮೋಟರ್ ವೈಂಡಿಂಗಿನಿಂದ ಹೊರಕವಚಕ್ಕೆ ಮೊದಲು 0.2 ಮೆಗಾಓಮ್ ತೋರಿಸಿತ್ತು, ಎರಡು ದಿನ ಬಲ್ಬ್ ಇಟ್ಟ ಮೇಲೆ 5 ದಾಟಿತು, ಆಮೇಲೇ ಚಾಲೂ ಮಾಡಿದೆವು. ಎಷ್ಟು ಒಣಗಿಸಿದರೂ 1 ದಾಟದಿದ್ದರೆ ಇನ್ಸುಲೇಶನ್ (ತಂತಿಯ ಮೇಲಿನ ಕರೆಂಟ್ ತಡೆಯುವ ಪದರ) ಹೋಗಿದೆ ಅಂತಲೇ ಲೆಕ್ಕ.

ಸುಟ್ಟ ವಾಸನೆ, ಕಪ್ಪಾದ ಸುರುಳಿ ಕಂಡರೆ ರೀವೈಂಡಿಂಗ್, ಅಂದರೆ ಹೊಸ ತಂತಿ ಸುತ್ತಿಸೋದು. ಬಾಳಿಕೆ ಜಾಸ್ತಿ, ಆದರೆ ತಾಮ್ರದ ತಂತಿ, ಮೊದಲಿನದೇ ಗೇಜು (ತಂತಿಯ ದಪ್ಪ), ಅಷ್ಟೇ ಸುತ್ತು ಅಂತ ಎದುರಿಗೆ ಕೂತು ಹೇಳಿ. ಹಾವೇರಿ ಕಡೆ ಮಳೆ ನಿಂತ ಮೇಲೆ ಅಂಗಡಿ ಮುಂದೆ ಮೋಟರ್ ಸಾಲು ನಿಂತಿರುತ್ತವೆ, ಬೆಳೆ ಕಾಯಲ್ಲ ಅಲ್ವಾ?

ಈಗಾಗಲೇ ಎರಡು ಸಲ ಸುತ್ತಿಸಿದ ಮೋಟರ್, ಶಾಫ್ಟೂ ಸವೆದಿದೆ ಅಂದರೆ ಹೊಸದು ತಗೊಳ್ಳಿ, ವಾರಂಟಿನೂ ಸಿಗುತ್ತದೆ. ಯಾವುದೇ ಮಾಡಿ, ಸ್ಟಾರ್ಟರ್ ಡಬ್ಬಿ ಬಿಚ್ಚಿ ನೋಡೋದು ಮರೆಯಬೇಡಿ. ನಮ್ಮದರ ರಿಲೇ ಸಂದಿಯಲ್ಲಿ ಒಣಗಿದ ಕೆಸರು ಸಿಕ್ಕಿತ್ತು.